ಸೂಪರ್‌ಹೀರೋಗಳ ಮದುವೆ ಮುರಿಯುವವರು ಯಾರು?

ಚೆನ್ನಾಗಿ ಓಡುತ್ತಿರುವ ಕಾಮಿಕ್ ಒಂದನ್ನು ಪ್ರಕಾಶಕರೇ ನಿಲ್ಲಿಸುತ್ತಾರಾ? 2024ರ ಜನವರಿಯಲ್ಲಿ ಮಾರ್ವೆಲ್ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’ ಅನ್ನುವ ಹೊಸ ಸರಣಿ ಶುರು ಮಾಡಿತು. ಬರೆದವರು ಜೊನಾಥನ್ ಹಿಕ್‌ಮನ್, ಚಿತ್ರ ಬಿಡಿಸಿದವರು ಮಾರ್ಕೊ ಕೆಕ್ಕೆಟ್ಟೊ. ಮುಖ್ಯ ಸರಣಿಗೆ ಸಂಬಂಧವಿಲ್ಲದ, ಬೇರೆಯದೇ ಲೋಕದ ಕಥೆ ಇದು. ಇದರ ಪೀಟರ್ ಪಾರ್ಕರ್, ಅಂದರೆ ಸ್ಪೈಡರ್‌ಮ್ಯಾನ್, ಕಾಲೇಜು ಹುಡುಗನಲ್ಲ. ಮೂವತ್ತು ದಾಟಿದ ಸಂಸಾರಸ್ಥ. ಹೆಂಡತಿ ಮೇರಿ ಜೇನ್, ಇಬ್ಬರು ಮಕ್ಕಳು. ಆ ಪುಸ್ತಕ ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾಮಿಕ್‌ಗಳ ಸಾಲಿಗೆ ಸೇರಿತು. ಮೊದಲ ಸಂಚಿಕೆ ಮತ್ತೆ ಮತ್ತೆ ಅಚ್ಚಾಯಿತು. ಹೀಗಿದ್ದೂ 24ನೇ ಸಂಚಿಕೆಗೆ ಇದನ್ನು ಮುಗಿಸುವುದಾಗಿ 2025ರಲ್ಲಿ ಮಾರ್ವೆಲ್ ಪ್ರಕಟಿಸಿದಾಗ ಓದುಗರಿಗೆ ತಲೆಬುಡ ಅರ್ಥವಾಗಲಿಲ್ಲ.

ಅದಕ್ಕೂ ಮೊದಲು, 2023ರ ಅಕ್ಟೋಬರ್‌ನಲ್ಲಿ ಇನ್ನೊಂದು ಸುದ್ದಿ ಬಂದಿತ್ತು. ಡಿಸಿ ಕಾಮಿಕ್ಸ್‌ನ ದೊಡ್ಡ ಹೆಸರುಗಳಾದ ಜೆಫ್ ಜಾನ್ಸ್, ಗ್ಯಾರಿ ಫ್ರಾಂಕ್, ಜೇಸನ್ ಫೇಬಾಕ್, ಐವಾನ್ ರೈಸ್, ಫ್ರಾನ್ಸಿಸ್ ಮನಾಪುಲ್ ಒಟ್ಟಾಗಿ ‘ಘೋಸ್ಟ್ ಮಷೀನ್’ ಎಂಬ ಸ್ವಂತ ಕಂಪನಿ ಕಟ್ಟಿದರು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಬಿಡಿಸುವ ಕೆಲಸ ಸಿಕ್ಕರೆ ಸಾಕು ಎಂದು ಸಾವಿರಾರು ಮಂದಿ ಕಾಯುತ್ತಾರೆ. ಆ ಕೆಲಸವನ್ನು ಕೈಯಾರೆ ಬಿಟ್ಟು ಹೋಗುವುದು ಯಾಕೆ?

ಮೇಲ್ನೋಟಕ್ಕೆ ಇವು ಬೇರೆ ಬೇರೆ ಸುದ್ದಿ. ಒಂದು ಮದುವೆಯಾದ ಹೀರೋನದ್ದು, ಇನ್ನೊಂದು ಕೆಲಸ ಬಿಟ್ಟ ಕಲಾವಿದರದ್ದು. ಎರಡಕ್ಕೂ ಬೇರು ಒಂದೇ. ಅದು ಯಾವುದು ಅಂತ ನೋಡಲು ಅರವತ್ತು ವರ್ಷ ಹಿಂದೆ ಹೋಗಬೇಕು.

ತಂಡದೊಳಗೆ ಪ್ರೀತಿ ಯಾಕೆ ಬೇಕು

ಒಬ್ಬಂಟಿ ಹೀರೋನ ಕಥೆ ಖಳನಾಯಕನಿಂದ ನಡೆಯುತ್ತದೆ. ತಿಂಗಳಿಗೊಬ್ಬ ಹೊಸ ಖಳ ಬಂದರೆ ಸಾಕು, ಕಥೆ ಓಡುತ್ತದೆ. ತಂಡದ ಕಥೆ ಹಾಗಲ್ಲ. ಐದಾರು ಜನ ಒಂದೇ ಸೂರಿನಡಿ ಇದ್ದಾಗ ಓದುಗರು ಕೇಳುವುದೇ ಬೇರೆ. ಯಾರಿಗೆ ಯಾರ ಮೇಲೆ ಮನಸ್ಸು? ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ? ನಮ್ಮ ಟಿವಿ ಧಾರಾವಾಹಿ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಡೆದಾಟ ನಾಲ್ಕು ಪುಟದಲ್ಲಿ ಮುಗಿಯುತ್ತದೆ. ಮನೆಯೊಳಗಿನ ಮುನಿಸು ನಾಲ್ಕು ವರ್ಷ ನಡೆಯುತ್ತದೆ.

1961ರಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ‘ಫೆಂಟಾಸ್ಟಿಕ್ ಫೋರ್’ ತಂದಾಗ ಈ ಗುಟ್ಟು ಕೈಗೆ ಸಿಕ್ಕಿತು. ನಾಲ್ವರಲ್ಲಿ ಇಬ್ಬರು, ರೀಡ್ ಮತ್ತು ಸೂ, ಪ್ರೇಮಿಗಳು. ಸೂವಿನ ತಮ್ಮನೂ ತಂಡದಲ್ಲೇ ಇದ್ದಾನೆ. 1965ರಲ್ಲಿ ಅವರಿಬ್ಬರ ಮದುವೆ ಆಯಿತು. 1968ರಲ್ಲಿ ಮಗ ಫ್ರಾಂಕ್ಲಿನ್ ಹುಟ್ಟಿದ. ಕಥೆಯೊಳಗೆ ಕಾಲ ನಿಜವಾಗಿ ಸಾಗುತ್ತಿದೆ ಅಂತ ಓದುಗರಿಗೆ ಅನ್ನಿಸಿದ ದಿನಗಳು ಅವು.

ಆ ಮದುವೆಯ ಸಂಚಿಕೆಯ ಕೊನೆಯನ್ನು ಹತ್ತಿರದಿಂದ ನೋಡಬೇಕು. ಮಾರ್ವೆಲ್‌ನ ಹೀರೋಗಳೆಲ್ಲ ಮದುವೆಗೆ ಬಂದಿದ್ದಾರೆ. ಖಳನಾಯಕರೂ ಗಲಾಟೆ ಎಬ್ಬಿಸಲು ಬಂದು ಸೋತಿದ್ದಾರೆ. ಎಲ್ಲ ಮುಗಿದ ಮೇಲೆ ಕೋಟು ಹ್ಯಾಟು ಹಾಕಿದ ಇಬ್ಬರು ಬಾಗಿಲಿಗೆ ಬರುತ್ತಾರೆ. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ! ಆಮಂತ್ರಣ ಇಲ್ಲ ಎಂದು ಅವರನ್ನು ಹೊರಗೇ ತಡೆಯುತ್ತಾರೆ. ಆಗ ಅದು ನಗಿಸಲು ಬಿಡಿಸಿದ ಚಿತ್ರ. ಆದರೆ ಆ ಮದುವೆ ಮಾಡಿಸಿದ ಕರ್ಬಿ 1970ರಲ್ಲಿ ಮಾರ್ವೆಲ್ ಬಿಟ್ಟು ಡಿಸಿಗೆ ಹೋದರು. ತಾವು ಕಟ್ಟಿದ ಪಾತ್ರಗಳ ಮೇಲೆ ಅವರಿಗೆ ಒಂದಿಷ್ಟೂ ಹಕ್ಕು ಉಳಿದಿರಲಿಲ್ಲ. ಅದನ್ನು ತಿಳಿದು ಆ ಚಿತ್ರ ನೋಡಿದರೆ ಎದೆ ಚುರ್ ಅನ್ನುತ್ತದೆ.

ಸೈಕ್ಲಾಪ್ಸ್‌ನ ಎರಡು ಸಂಸಾರ

ತಂಡದ ಪ್ರೇಮ, ಪ್ರಕಾಶಕರ ಲೆಕ್ಕ, ಲೇಖಕರ ನಿರ್ಗಮನ ಮೂರೂ ಒಂದೇ ದಾರದಲ್ಲಿ ಸಿಕ್ಕಿಕೊಂಡ ಕಥೆ ಮಾರ್ವೆಲ್‌ನ ‘ಎಕ್ಸ್-ಮೆನ್’ ತಂಡದ್ದು. ಇದನ್ನು ಸ್ವಲ್ಪ ನಿಧಾನಕ್ಕೆ ಬಿಡಿಸೋಣ.

ಕ್ರಿಸ್ ಕ್ಲೇರ್‌ಮಾಂಟ್ 1975ರಲ್ಲಿ ಎಕ್ಸ್-ಮೆನ್ ಬರೆಯಲು ಕೂತಾಗ ಅದು ಯಾರಿಗೂ ಬೇಡವಾಗಿದ್ದ ಪುಸ್ತಕ. ಡೇವ್ ಕಾಕ್ರಂ, ಆಮೇಲೆ ಜಾನ್ ಬರ್ನ್ ಚಿತ್ರ ಬಿಡಿಸಿದರು. ತಂಡದ ನಾಯಕ ಸ್ಕಾಟ್, ಅಂದರೆ ಸೈಕ್ಲಾಪ್ಸ್. ಅವನ ಪ್ರೇಮಿ ಜೀನ್ ಗ್ರೇ. ಇಬ್ಬರ ನಡುವೆ ಅದೇ ತಂಡದ ವುಲ್ವರಿನ್‌ನ ಒಳಗೊಳಗಿನ ಆಸೆ. ವರ್ಷಗಟ್ಟಲೆ ಈ ಎಳೆ ಬೆಳೆಯಿತು. 1980ರಲ್ಲಿ ಜೀನ್ ‘ಡಾರ್ಕ್ ಫೀನಿಕ್ಸ್’ ಆಗಿ ಒಂದು ಗ್ರಹವನ್ನೇ ನಾಶ ಮಾಡುತ್ತಾಳೆ. ಲೇಖಕರ ಮೊದಲ ಯೋಜನೆಯಲ್ಲಿ ಅವಳು ಶಕ್ತಿ ಕಳೆದುಕೊಂಡು ಬದುಕಿ ಉಳಿಯಬೇಕಿತ್ತು. ಮುಖ್ಯ ಸಂಪಾದಕ ಜಿಮ್ ಶೂಟರ್ ಒಪ್ಪಲಿಲ್ಲ. ಕೋಟಿಗಟ್ಟಲೆ ಜೀವ ತೆಗೆದವಳಿಗೆ ತಕ್ಕ ಶಿಕ್ಷೆ ಆಗಲೇಬೇಕು ಅಂದರು. ಕಡೆಗೆ 137ನೇ ಸಂಚಿಕೆಯಲ್ಲಿ ಜೀನ್ ಸತ್ತಳು.

ಸಂಪಾದಕರ ಈ ನಿರ್ಧಾರ ಕಥೆಗೆ ಒಳ್ಳೆಯದೇ ಮಾಡಿತು ಅನ್ನುವವರು ಬಹಳ. ಆ ಸಾವು ಓದುಗರನ್ನು ಅಲ್ಲಾಡಿಸಿತ್ತು. ಹಾಗಾಗಿ ಪ್ರಕಾಶಕರು ಕೈ ಹಾಕಿದರೆ ಕಥೆ ಕೆಡುತ್ತದೆ ಎಂದು ಸುಮ್ನೆ ಹೇಳಿಬಿಡಲು ಆಗುವುದಿಲ್ಲ.

ಮುಂದಿನದು ನೋಡಿ. ಕ್ಲೇರ್‌ಮಾಂಟ್ ಸ್ಕಾಟ್‌ಗೆ ಹೊಸ ಬದುಕು ಕೊಟ್ಟರು. ಜೀನ್‌ಳನ್ನೇ ಹೋಲುವ ವಿಮಾನ ಚಾಲಕಿ ಮೆಡಲಿನ್ ಪ್ರಯರ್ ಬಂದಳು. 1983ರಲ್ಲಿ, 175ನೇ ಸಂಚಿಕೆಯಲ್ಲಿ, ಮದುವೆ. ನಂತರ ನೇಥನ್ ಎಂಬ ಗಂಡು ಮಗು. ಎಕ್ಸ್-ಮೆನ್ ಮೂಲದಲ್ಲಿ ವಿಶೇಷ ಶಕ್ತಿಯ ಮಕ್ಕಳ ಶಾಲೆ ಅಲ್ವಾ? ಕಲಿತವರು ದೊಡ್ಡವರಾಗಬೇಕು, ಹೊರಗೆ ಹೋಗಿ ಸಂಸಾರ ಹೂಡಬೇಕು, ಅವರ ಜಾಗಕ್ಕೆ ಹೊಸಬರು ಬರಬೇಕು. ಕ್ಲೇರ್‌ಮಾಂಟ್ ಲೆಕ್ಕ ಅದು.

ಕಂಪನಿಯ ಲೆಕ್ಕ ಬೇರೆ ಇತ್ತು. ಎಕ್ಸ್-ಮೆನ್ ಆಗ ಭರ್ಜರಿಯಾಗಿ ಮಾರುತ್ತಿತ್ತು. 1963ರ ಮೂಲ ಐವರನ್ನು ಒಟ್ಟು ಸೇರಿಸಿ ಇನ್ನೊಂದು ಪುಸ್ತಕ ತಂದರೆ ಅದೂ ಮಾರುತ್ತದೆ. ಮೂಲ ಐವರು ಅಂದರೆ ಜೀನ್ ಬೇಕು, ಜೀನ್ ಸತ್ತಿದ್ದಾಳೆ. ಉಪಾಯ ಸಿಕ್ಕಿತು. ಸತ್ತದ್ದು ಅವಳ ರೂಪ ತಾಳಿದ್ದ ಫೀನಿಕ್ಸ್ ಶಕ್ತಿ, ನಿಜವಾದ ಜೀನ್ ನ್ಯೂಯಾರ್ಕ್‌ನ ಜಮೈಕಾ ಕೊಲ್ಲಿಯ ತಳದಲ್ಲಿ ಒಂದು ಗೂಡಿನೊಳಗೆ ನಿದ್ದೆಯಲ್ಲಿದ್ದಳು! ಕ್ಲೇರ್‌ಮಾಂಟ್ ವಿರೋಧಿಸಿದರು, ನಡೆಯಲಿಲ್ಲ. 1986ರ ‘ಎಕ್ಸ್-ಫ್ಯಾಕ್ಟರ್’ ಒಂದನೇ ಸಂಚಿಕೆಯಲ್ಲಿ ಅಲಾಸ್ಕಾದ ಮನೆಯಲ್ಲಿ ಹೆಂಡತಿ ಮಗುವಿನ ಜೊತೆ ಇದ್ದ ಸ್ಕಾಟ್‌ಗೆ ಒಂದು ಫೋನ್ ಬರುತ್ತದೆ. ಜೀನ್ ಬದುಕಿದ್ದಾಳೆ. ಅವನು ಹೊರಡುತ್ತಾನೆ. ಈಗ ಹೊರಟರೆ ಮತ್ತೆ ಈ ಬಾಗಿಲಿಗೆ ಬರಬೇಡ ಎಂದು ಮೆಡಲಿನ್ ಹೇಳುತ್ತಾಳೆ. ಅವನು ಹೊರಟೇಬಿಡುತ್ತಾನೆ.

ಒಂದು ಪುಸ್ತಕ ಜಾಸ್ತಿ ಮಾರಬೇಕು ಅನ್ನುವ ಆಸೆಯಿಂದ ಏನೇನಾಯ್ತು ಗಮನಿಸಿ. ತಂಡದ ಆದರ್ಶ ನಾಯಕ ರಾತ್ರಿ ಬೆಳಗಾಗುವುದರೊಳಗೆ ಹೆಂಡತಿ ಮಗುವನ್ನು ಬಿಟ್ಟು ಓಡಿದ ಗಂಡಸಾದ. ಹೀರೋ ಮೇಲೆ ಅಂಥ ಕಳಂಕ ಉಳಿಯುವಂತಿಲ್ಲ. ಅದನ್ನು ತೊಳೆಯಲು ತಪ್ಪು ಹೆಂಡತಿಯದ್ದೇ ಆಗಬೇಕಾಯಿತು. 1989ರ ಹೊತ್ತಿಗೆ ಮೆಡಲಿನ್ ಜೀನ್‌ಳ ತದ್ರೂಪಿ ಎಂದು, ಒಬ್ಬ ಖಳ ತನ್ನ ಕೆಲಸಕ್ಕೆ ತಯಾರಿಸಿದ ಹೆಣ್ಣು ಎಂದು ಬಯಲಾಯಿತು. ಅವಳು ರಾಕ್ಷಸರ ಜೊತೆ ಸೇರಿ ಸತ್ತಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತೇವಲ್ಲ, ಇಲ್ಲೂ ಹಾಗೇ. ನೇಥನ್‌ನನ್ನು ಭವಿಷ್ಯದ ಕಾಲಕ್ಕೆ ಕಳಿಸಿಬಿಟ್ಟರು. ಸಿನಿಮಾದಲ್ಲಿ ನೀವು ನೋಡಿರುವ ಕೇಬಲ್ ಎಂಬ ಪಾತ್ರ ಆ ಕೂಸೇ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹತ್ತು ವರ್ಷ ಜೋಪಾನವಾಗಿ ಕಟ್ಟಿದ ಪಾತ್ರ ಒಂದು ಫೋನ್ ಕರೆಯಲ್ಲಿ ಒಡೆದುಹೋಯಿತು. ಸ್ಕಾಟ್ ಮತ್ತು ಜೀನ್ 1994ರಲ್ಲಿ ಕೊನೆಗೂ ಮದುವೆಯಾದರು. 2004ರಲ್ಲಿ ಜೀನ್ ಮತ್ತೆ ಸತ್ತಳು. ಆಮೇಲೆ ಮತ್ತೆ ಎದ್ದು ಬಂದಳು. ಈ ಚಕ್ರಕ್ಕೆ ಕೊನೆ ಇಲ್ಲ.

ಕ್ಲೇರ್‌ಮಾಂಟ್ 1991ರವರೆಗೆ ತಾಳಿಕೊಂಡರು. ಅಷ್ಟರಲ್ಲಿ ಸಂಪಾದಕ ಬಾಬ್ ಹ್ಯಾರಸ್ ಕಥೆಯ ಲಗಾಮನ್ನು ಯುವ ಕಲಾವಿದ ಜಿಮ್ ಲೀ ಕೈಗೆ ಹೆಚ್ಚು ಹೆಚ್ಚಾಗಿ ಕೊಡತೊಡಗಿದ್ದರು. ಆ ವರ್ಷ ಬಂದ ಹೊಸ ‘ಎಕ್ಸ್-ಮೆನ್’ ಒಂದನೇ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. ಅದು ಗಿನ್ನೆಸ್ ದಾಖಲೆ. ಬರೆದವರು ಕ್ಲೇರ್‌ಮಾಂಟ್, ಬಿಡಿಸಿದವರು ಜಿಮ್ ಲೀ. ಮೂರನೇ ಸಂಚಿಕೆ ಮುಗಿಸಿ, ಹದಿನಾರು ವರ್ಷದ ಕೆಲಸ ಬಿಟ್ಟು ಕ್ಲೇರ್‌ಮಾಂಟ್ ಹೊರಟರು. ಅದಾದ ಕೆಲವೇ ತಿಂಗಳಿಗೆ ಜಿಮ್ ಲೀ ಕೂಡ ಮಾರ್ವೆಲ್ ಬಿಟ್ಟರು. ಸೋತವರೂ ಹೋದರು, ಗೆದ್ದವರೂ ಹೋದರು.

ಉಳುವವರು ಒಬ್ಬರು, ಒಡೆಯರು ಇನ್ನೊಬ್ಬರು

ಗೆದ್ದವರು ಯಾಕೆ ಹೋದರು ಅಂತ ತಿಳಿಯಲು ಕಾನೂನಿನ ಒಂದು ಮಾತು ಗೊತ್ತಿರಬೇಕು. ‘ವರ್ಕ್ ಫಾರ್ ಹೈರ್’. ಕೂಲಿಗೆ ಮಾಡಿದ ಕೆಲಸ. ಕಲಾವಿದರಿಗೆ ಪುಟಕ್ಕೆ ಇಷ್ಟು ಎಂದು ದುಡ್ಡು ಕೊಡುತ್ತಾರೆ. ಅವರು ಸೃಷ್ಟಿಸಿದ ಪಾತ್ರ, ಹೆಸರು, ವೇಷ, ಕಥೆ ಎಲ್ಲವೂ ಮೊದಲ ಗಳಿಗೆಯಿಂದಲೇ ಕಂಪನಿಯದ್ದು. ಕಾನೂನಿನ ಕಣ್ಣಲ್ಲಿ ಕಂಪನಿಯೇ ಕರ್ತೃ. ಅಮೆರಿಕದ 1976ರ ಕಾಪಿರೈಟ್ ಕಾಯ್ದೆ 1978ರಲ್ಲಿ ಜಾರಿಗೆ ಬಂದ ಮೇಲೆ ಇದಕ್ಕೆ ಲಿಖಿತ ಒಪ್ಪಂದಗಳ ಬಿಗಿ ಬಂತು.

ಕರ್ನಾಟಕದವರಿಗೆ ಇದು ಗೇಣಿ ಪದ್ಧತಿಯನ್ನು ನೆನಪಿಸುತ್ತದೆ. ಬಿತ್ತಿ ಬೆಳೆದವರು ಒಬ್ಬರು, ಹೊಲ ಇನ್ನೊಬ್ಬರದ್ದು. 1974ರ ಭೂ ಸುಧಾರಣೆಯಲ್ಲಿ ‘ಉಳುವವನೇ ಹೊಲದೊಡೆಯ’ ಎಂಬ ಮಾತು ನಮ್ಮಲ್ಲಿ ಕಾನೂನಾಯಿತು. ಸಿನಿಮಾ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯ ಹಕ್ಕನ್ನು ಬಿಟ್ಟುಕೊಡಲಾಗದಂತೆ ಭದ್ರ ಮಾಡಿದ್ದು 2012ರ ಭಾರತದ ಕಾಪಿರೈಟ್ ತಿದ್ದುಪಡಿ. ಅಮೆರಿಕದ ಕಾಮಿಕ್ ಕಲಾವಿದರಿಗೆ ಅಂಥ ಕಾನೂನು ಬರಲೇ ಇಲ್ಲ. ಸೂಪರ್‌ಮ್ಯಾನ್ ಸೃಷ್ಟಿಸಿದ ಜೆರ್ರಿ ಸೀಗಲ್, ಜೋ ಶುಸ್ಟರ್ ಇಬ್ಬರಿಗೂ ಸೇರಿ 1938ರಲ್ಲಿ ಸಿಕ್ಕಿದ್ದು 130 ಡಾಲರ್. ಕರ್ಬಿಯ ಮಕ್ಕಳು 2009ರಲ್ಲಿ ಹಕ್ಕು ಕೇಳಿ ನೋಟಿಸ್ ಕೊಟ್ಟರು. ಕೆಳಗಿನ ನ್ಯಾಯಾಲಯಗಳಲ್ಲಿ ಸೋತರು. ಸುಪ್ರೀಂ ಕೋರ್ಟ್ ಅರ್ಜಿ ಕೈಗೆತ್ತಿಕೊಳ್ಳಬೇಕೋ ಬೇಡವೋ ಎಂದು ನಿರ್ಧರಿಸುವ ಮೊದಲು, 2014ರಲ್ಲಿ, ಎರಡೂ ಕಡೆಯವರು ರಾಜಿ ಮಾಡಿಕೊಂಡರು. ಕರ್ಬಿ ಅದನ್ನು ನೋಡಲಿಲ್ಲ. 1994ರಲ್ಲೇ ತೀರಿಹೋಗಿದ್ದರು.

ಇಲ್ಲೇ ಮದುವೆಯ ಪ್ರಶ್ನೆಗೂ ಉತ್ತರ ಇದೆ. ಪಾತ್ರ ನಿಮ್ಮದಾದರೆ ಅದಕ್ಕೆ ವಯಸ್ಸಾಗಲು ಬಿಡಬಹುದು. ಅದು ಕಂಪನಿಯ ಆಸ್ತಿ ಆದರೆ ಆಗುವುದಿಲ್ಲ. ಆಸ್ತಿ ಸವೆಯಬಾರದು. ಮದುವೆ ಅಂದರೆ ಕಾಲ. ಮದುವೆ ಆದ ಮೇಲೆ ಮಗು, ಮಗು ಆದ ಮೇಲೆ ಶಾಲೆ, ಶಾಲೆ ಆದ ಮೇಲೆ ತಂದೆಯ ತಲೆಯಲ್ಲಿ ಬಿಳಿ ಕೂದಲು. ಲೇಖಕರು ಪ್ರೀತಿಯನ್ನು ಬರೆದಷ್ಟೂ ಗಡಿಯಾರದ ಮುಳ್ಳು ಮುಂದೆ ಹೋಗುತ್ತದೆ. ಒಡೆಯರು ಅದನ್ನು ಹಿಂದಕ್ಕೆ ತಿರುಗಿಸುತ್ತಲೇ ಇರಬೇಕಾಗುತ್ತದೆ.

ಫ್ಯಾಂಟಮ್ ಓದಿ ಬೆಳೆದ ಹಿರಿಯ ಕನ್ನಡ ಓದುಗರಿಗೆ ಇದರ ಎದುರು ಉದಾಹರಣೆ ಗೊತ್ತು. ಫ್ಯಾಂಟಮ್ 1977ರಲ್ಲಿ ಡಯಾನಾಳನ್ನು ಮದುವೆಯಾದ. ಅವಳಿ ಮಕ್ಕಳಾದರು. ಆ ಸಂಸಾರವನ್ನು ಯಾರೂ ಅಳಿಸಲಿಲ್ಲ. ಅಲ್ಲೂ ಒಡೆಯರು ಒಂದು ಕಂಪನಿಯೇ. ಆದರೆ ಲೀ ಫಾಕ್ ಒಬ್ಬರೇ 1936ರಿಂದ 1999ರಲ್ಲಿ ಸಾಯುವವರೆಗೆ ಅದನ್ನು ಬರೆದರು. ಮುಖವಾಡ ತಂದೆಯಿಂದ ಮಗನಿಗೆ ಹೋಗುವ ಕಥೆ ಅದು. ಹಾಗಾಗಿ ಅಲ್ಲಿ ಮದುವೆ ಅಡ್ಡಿಯಲ್ಲ, ಮದುವೆ ಇಲ್ಲದಿದ್ದರೆ ವಂಶವೇ ನಿಲ್ಲುತ್ತದೆ.

1992: ಏಳು ಜನ ಹೊರಟ ವರ್ಷ

1991ರ ಡಿಸೆಂಬರ್‌ನಲ್ಲಿ ಟಾಡ್ ಮೆಕ್‌ಫಾರ್ಲೇನ್, ರಾಬ್ ಲೈಫೆಲ್ಡ್, ಜಿಮ್ ಲೀ ನ್ಯೂಯಾರ್ಕ್‌ನಲ್ಲಿ ಮಾರ್ವೆಲ್ ಅಧ್ಯಕ್ಷ ಟೆರ್ರಿ ಸ್ಟೂವರ್ಟ್ ಅವರನ್ನು ಭೇಟಿಯಾಗಿ, ನಾವು ಹೋಗುತ್ತಿದ್ದೇವೆ ಅಂದರು. ಎರಿಕ್ ಲಾರ್ಸನ್, ಮಾರ್ಕ್ ಸಿಲ್ವೆಸ್ಟ್ರಿ, ಜಿಮ್ ವ್ಯಾಲೆಂಟಿನೋ, ವಿಲ್ಸ್ ಪೊರ್ಟಾಸಿಯೊ ಜೊತೆಯಾದರು. ಅವರಿಗೆ ದುಡ್ಡಿನ ಕೊರತೆ ಇರಲಿಲ್ಲ. ಮಾರಾಟದ ಮೇಲಿನ ರಾಯಲ್ಟಿ ಚೆನ್ನಾಗಿಯೇ ಬರುತ್ತಿತ್ತು. ಅವರನ್ನು ಕೆರಳಿಸಿದ್ದು ಬೇರೆ. ತಾವು ಬಿಡಿಸಿದ ಚಿತ್ರ ಟೀ ಶರ್ಟ್, ಪೋಸ್ಟರ್ ಮೇಲೆ ಬಂದಾಗ ಸಿಗುತ್ತಿದ್ದುದು ಅಲ್ಪ. ಪಾತ್ರದ ಮೇಲೆ ಮಾತು ನಡೆಯುತ್ತಿರಲಿಲ್ಲ. ಕರ್ಬಿಗೆ ಏನಾಯ್ತು ಅನ್ನುವುದು ಎಲ್ಲರ ಕಣ್ಣ ಮುಂದಿತ್ತು.

ಅವರು ಕಟ್ಟಿದ ‘ಇಮೇಜ್ ಕಾಮಿಕ್ಸ್’ನ ನಿಯಮ ಸರಳ. ಕಂಪನಿಗೆ ತನ್ನ ಹೆಸರು ಮತ್ತು ಲಾಂಛನ ಬಿಟ್ಟು ಇನ್ನೇನೂ ಸೇರಿದ್ದಲ್ಲ. ಪಾತ್ರ ಬಿಡಿಸಿದವರದ್ದು. ಸುದ್ದಿ ಹೊರಬಿದ್ದಾಗ ಮಾರ್ವೆಲ್‌ನ ಷೇರು ಬೆಲೆ ಕುಸಿಯಿತು. ಒಂದು ಕಾಮಿಕ್ ಕಂಪನಿಯ ಬೆಲೆ ಪಾತ್ರಗಳಲ್ಲಿದೆಯೋ ಅದನ್ನು ಬಿಡಿಸುವ ಕೈಗಳಲ್ಲಿದೆಯೋ ಎಂದು ಷೇರುಪೇಟೆಯವರೂ ಮೊದಲ ಬಾರಿ ಕೇಳಿಕೊಂಡರು.

ಎಲ್ಲವೂ ಹೂವಿನ ಹಾಸಿಗೆ ಆಗಲಿಲ್ಲ ಅನ್ನುವುದನ್ನೂ ಹೇಳಬೇಕು. ಇಮೇಜ್ ಪುಸ್ತಕಗಳು ತಿಂಗಳುಗಟ್ಟಲೆ ತಡವಾಗಿ ಬಂದವು. ಮುಂಗಡ ದುಡ್ಡು ಹಾಕಿದ ಅಂಗಡಿಯವರು ಕಷ್ಟಕ್ಕೆ ಬಿದ್ದರು. ಮುಂದೆ ಬೆಲೆ ಬರುತ್ತದೆ ಎಂದು ಹತ್ತು ಹತ್ತು ಪ್ರತಿ ಕೊಂಡವರು ಸುಮ್ಮನಾದ ಮೇಲೆ ಇಡೀ ಮಾರುಕಟ್ಟೆಯೇ ಕುಸಿಯಿತು. 1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು. ಜಿಮ್ ಲೀ ತಮ್ಮ ವೈಲ್ಡ್‌ಸ್ಟಾರ್ಮ್ ಸಂಸ್ಥೆಯನ್ನು ಡಿಸಿಗೆ ಮಾರಿದರು. ಇವತ್ತು ಅವರೇ ಡಿಸಿಯ ಮುಖ್ಯಸ್ಥರು. ಅವರ ಕಾಲದಲ್ಲೇ, 2023ರಲ್ಲಿ, ಡಿಸಿಯ ಕಲಾವಿದರು ಹೊರಟು ಘೋಸ್ಟ್ ಮಷೀನ್ ಕಟ್ಟಿದರು. ಆ ಪುಸ್ತಕಗಳನ್ನು ಹೊರತರುತ್ತಿರುವುದು ಇಮೇಜ್.

ಪ್ರಕಾಶಕರ ಮಾತಿನಲ್ಲೂ ಹುರುಳಿದೆ

ಮಾರ್ವೆಲ್, ಡಿಸಿ ಹೇಳುವುದನ್ನು ನ್ಯಾಯವಾಗಿ ಕೇಳಬೇಕು. ಸೂಪರ್‌ಮ್ಯಾನ್ ಬಂದಿದ್ದು 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ. ಇವತ್ತು ಹತ್ತು ವರ್ಷದ ಮಗು ಮೊದಲ ಸಲ ಪುಸ್ತಕ ತೆರೆದರೆ ಅದಕ್ಕೆ ಗುರುತು ಸಿಗುವ ಹೀರೋ ಬೇಕು. ಹಿಂದಿನವರ ಕಥೆಯ ಭಾರವನ್ನೆಲ್ಲ ಆ ಮಗುವಿನ ತಲೆಗೆ ಹೊರಿಸಲಾಗದು. ಪುಸ್ತಕ ಸೋತರೂ ಕಲಾವಿದರಿಗೆ ಪುಟದ ದುಡ್ಡು ಸಿಕ್ಕೇ ಸಿಗುತ್ತದೆ, ನಷ್ಟ ಕಂಪನಿಯದ್ದು. ಸ್ವಂತ ಪುಸ್ತಕ ತರುವವರಿಗೆ ಆ ಆಸರೆ ಇಲ್ಲ.

ಈ ವಾದ ಅತಿ ದೂರ ಹೋಗಿದ್ದು 2007ರಲ್ಲಿ. ಸ್ಪೈಡರ್‌ಮ್ಯಾನ್ ಮತ್ತು ಮೇರಿ ಜೇನ್ 1987ರಿಂದ ಗಂಡ ಹೆಂಡತಿ. ಮದುವೆಯಿಂದ ಪಾತ್ರಕ್ಕೆ ವಯಸ್ಸಾಯಿತು ಎಂದು ಮುಖ್ಯ ಸಂಪಾದಕ ಜೋ ಕೆಸಾಡ ನಂಬಿದ್ದರು. ಹಾಗಾದರೆ ವಿಚ್ಛೇದನ ಕೊಡಿಸಬಹುದಿತ್ತಲ್ಲ? ವಿಚ್ಛೇದನ ಆದವನು ಇನ್ನೂ ಹಿರಿಯನಾಗಿ ಕಾಣುತ್ತಾನೆ. ಆದ್ದರಿಂದ ‘ಒನ್ ಮೋರ್ ಡೇ’ ಕಥೆಯಲ್ಲಿ ಮೇ ಚಿಕ್ಕಮ್ಮನ ಜೀವ ಉಳಿಸಲು ದಂಪತಿ ಮೆಫಿಸ್ಟೋ ಎಂಬ ಸೈತಾನನ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾರೆ. ಬೆಲೆ ಅವರ ಮದುವೆ. ಅದು ನಡೆದೇ ಇಲ್ಲವೆನ್ನುವಂತೆ ಎಲ್ಲರ ನೆನಪಿನಿಂದ ಅಳಿಸಿಹೋಗುತ್ತದೆ. ಬರೆದ ಜೆ. ಮೈಕಲ್ ಸ್ಟ್ರಾಜಿನ್ಸ್ಕಿ ಕೊನೆಯ ಸಂಚಿಕೆಗಳಿಂದ ತಮ್ಮ ಹೆಸರನ್ನೇ ತೆಗೆಸಬೇಕು ಅಂದುಕೊಂಡಿದ್ದನ್ನು ಬಹಿರಂಗವಾಗಿ ಹೇಳಿದರು. ಇಪ್ಪತ್ತು ವರ್ಷದ ಸಂಸಾರ ಅದು. ಅದರ ಜೊತೆ ಬೆಳೆದ ಓದುಗರಿಗೆ ಆದ ನೋವು ಇವತ್ತಿಗೂ ಆರಿಲ್ಲ. ಅದು ಆರಬೇಕು ಎಂದು ಬಯಸುವುದೂ ಸರಿಯಲ್ಲ.

ಮದುವೆ ಮುಂದೂಡಿದರೂ ಪರಿಣಾಮ ತಪ್ಪುವುದಿಲ್ಲ. 1992ರ ಸುಮಾರಿಗೆ ಸೂಪರ್‌ಮ್ಯಾನ್ ಮತ್ತು ಲೋಯಿಸ್ ಮದುವೆಗೆ ಬರಹಗಾರರು ಸಿದ್ಧರಾಗಿದ್ದರು. ಅವರಿಬ್ಬರ ಬಗ್ಗೆಯೇ ಒಂದು ಟಿವಿ ಸರಣಿ ತಯಾರಾಗುತ್ತಿತ್ತು. ಎರಡೂ ಒಟ್ಟಿಗೆ ನಡೆಯಲಿ ಎಂದು ಕಾಮಿಕ್‌ನ ಮದುವೆಯನ್ನು ತಡೆಹಿಡಿದರು. ಖಾಲಿ ಬಿದ್ದ ಜಾಗಕ್ಕೆ ಕಥೆ ಬೇಕಾಯಿತು. ಸಾಯಿಸಿಬಿಡೋಣ ಎಂದು ಯಾವಾಗಲೂ ತಮಾಷೆಗೆ ಹೇಳುತ್ತಿದ್ದ ಮಾತು ಈ ಸಲ ನಿಜವಾಯಿತು. ಸೂಪರ್‌ಮ್ಯಾನ್ ಸಾವಿನ 75ನೇ ಸಂಚಿಕೆ ಜಗತ್ತಿನ ತುಂಬ ಸುದ್ದಿಯಾಯಿತು. ಮದುವೆ ಆಗಿದ್ದು 1996ರಲ್ಲಿ. 2011ರಲ್ಲಿ ಡಿಸಿ ಎಲ್ಲವನ್ನೂ ಹೊಸದಾಗಿ ಶುರು ಮಾಡಿದಾಗ ಆ ಮದುವೆಯೂ ಅಳಿಯಿತು. ಮರುವರ್ಷ ‘ಜಸ್ಟಿಸ್ ಲೀಗ್’ ತಂಡದೊಳಗೇ ಸೂಪರ್‌ಮ್ಯಾನ್‌ಗೂ ವಂಡರ್ ವುಮನ್‌ಗೂ ಜೋಡಿ ಕಟ್ಟಿದರು. ಅದು ನಿಲ್ಲಲಿಲ್ಲ. ಕೆಲವೇ ವರ್ಷಗಳಲ್ಲಿ ಲೋಯಿಸ್ ಹೆಂಡತಿಯಾಗಿ, ಮಗ ಜಾನ್ ಜೊತೆ, ವಾಪಸ್ ಬಂದಳು. ಓದುಗರ ಬಯಕೆಗೂ ಬಲ ಇದೆ ಅನ್ನುವುದಕ್ಕೆ ಇದು ಸಾಕ್ಷಿ.

ಬ್ಯಾಟ್‌ವುಮನ್: ಎರಡೂ ಎಳೆ ಗಂಟಾದ ಜಾಗ

2013ರ ಫೆಬ್ರವರಿ. ಡಿಸಿಯ ‘ಬ್ಯಾಟ್‌ವುಮನ್’ 17ನೇ ಸಂಚಿಕೆಯಲ್ಲಿ ನಾಯಕಿ ಕೇಟ್ ಕೇನ್ ಬ್ಯಾಟ್‌ವುಮನ್ ವೇಷದಲ್ಲಿದ್ದಾಗಲೇ ಪೊಲೀಸ್ ಅಧಿಕಾರಿ ಮ್ಯಾಗಿ ಸಾಯರ್‌ಗೆ ತಾನು ಯಾರೆಂದು ತೋರಿಸಿ, ನನ್ನನ್ನು ಮದುವೆಯಾಗು ಎಂದು ಕೇಳುತ್ತಾಳೆ. ಕಥೆ ಜೆ. ಎಚ್. ವಿಲಿಯಮ್ಸ್ ಮತ್ತು ಹೇಡನ್ ಬ್ಲ್ಯಾಕ್‌ಮನ್ ಅವರದ್ದು. ವಿಲಿಯಮ್ಸ್ ಒಂದು ಪುಟವನ್ನು ಕಿಟಕಿ ಗಾಜಿನ ಚಿತ್ತಾರದಂತೆ ಜೋಡಿಸುವ ಅಪರೂಪದ ಕಲಾವಿದ. ಸೆಪ್ಟೆಂಬರ್‌ನಲ್ಲಿ ಇಬ್ಬರೂ ಪುಸ್ತಕ ಬಿಡುವುದಾಗಿ ಹೇಳಿದರು. ಯೋಜಿಸಿದ್ದ ಕಥೆಗಳನ್ನು ಕೊನೆ ಗಳಿಗೆಯಲ್ಲಿ ಬದಲಿಸಲು ಹೇಳಿದ್ದು, ಕೇಟ್ ಮತ್ತು ಮ್ಯಾಗಿ ಮದುವೆ ತೋರಿಸಲೇಬಾರದು ಎಂದಿದ್ದು ಕಾರಣ.

ಇಬ್ಬರು ಹೆಣ್ಣುಮಕ್ಕಳ ಮದುವೆ ಅನ್ನುವುದಕ್ಕೇ ಅಡ್ಡಿ ಬಂತೇ ಎಂದು ಓದುಗರು ಕೇಳಿದರು. ಹಾಗಲ್ಲ ಎಂದಿತು ಡಿಸಿ. ಸಂಸ್ಥೆಯ ಸಹ ಪ್ರಕಾಶಕ ಡ್ಯಾನ್ ಡಿಡಿಯೊ ಕೊಟ್ಟ ವಿವರಣೆ ಎಲ್ಲ ಹೀರೋಗಳಿಗೂ ಅನ್ವಯಿಸುವಂಥದ್ದು. ಜನರನ್ನು ಕಾಯಲು ಸ್ವಂತ ಸುಖ ಬಿಟ್ಟವರು ಅವರು, ಅವರ ಖಾಸಗಿ ಬದುಕು ಸುಖವಾಗಿರಬಾರದು. ಈ ಮಾತನ್ನು ನಂಬಬಹುದು. ಆದರೂ ಅದು ಸಮಾಧಾನ ಕೊಡುವುದಿಲ್ಲ. ಬ್ಯಾಟ್‌ಮ್ಯಾನ್‌ನ ದಾಂಪತ್ಯ ತಪ್ಪಿದರೆ ಅದು ನೂರರಲ್ಲಿ ಒಂದು. ಕೇಟ್‌ಳಂಥ ನಾಯಕಿಯರು ಬೆರಳೆಣಿಕೆಯಷ್ಟು. ನಿಯಮ ಒಂದೇ ಇದ್ದರೂ ಅದರ ಪೆಟ್ಟು ಎಲ್ಲರಿಗೂ ಒಂದೇ ಆಗಿರುವುದಿಲ್ಲ.

ವಿಲಿಯಮ್ಸ್, ಬ್ಲ್ಯಾಕ್‌ಮನ್ ಇಬ್ಬರಿಗೂ ಅಂದುಕೊಂಡಲ್ಲಿಗೆ ಕಥೆ ಮುಗಿಸಲೂ ಸಿಗಲಿಲ್ಲ. 24ನೇ ಸಂಚಿಕೆಯೇ ಕೊನೆಯಾಯಿತು. ಮುಂದಿನವರ ಕೈಯಲ್ಲಿ ಕೇಟ್, ಮ್ಯಾಗಿ ಬೇರೆಯಾದರು.

ಹೊಸ ಪಾತ್ರಗಳ ಬರ

ಇದರ ಪರಿಣಾಮ ನಿಧಾನಕ್ಕೆ ಬರುವಂಥದ್ದು. ಲೈಫೆಲ್ಡ್ 1991ರಲ್ಲಿ ಫೇಬಿಯನ್ ನಿಸಿಯೇಝ ಜೊತೆ ಸೇರಿ ಮಾರ್ವೆಲ್‌ಗೆ ಡೆಡ್‌ಪೂಲ್ ಕೊಟ್ಟರು. ಅವನು ಇವತ್ತು ಸಿನಿಮಾದಲ್ಲಿ ಎಷ್ಟು ದೊಡ್ಡ ಹೆಸರು ಅಂತ ಎಲ್ಲರಿಗೂ ಗೊತ್ತು. ಒಡೆಯರು ಮಾರ್ವೆಲ್. ಇಮೇಜ್ ಬಂದ ಮೇಲೆ ಕಲಾವಿದರು ಒಂದು ಪಾಠ ಕಲಿತರು. ಹೊಸ ಪಾತ್ರ ಹೊಳೆದರೆ ಅದನ್ನು ದೊಡ್ಡ ಕಂಪನಿಗೆ ಕೊಡಬೇಡ, ನಿನ್ನ ಹತ್ತಿರವೇ ಇಟ್ಟುಕೋ. ಮಾರ್ವೆಲ್, ಡಿಸಿಗೆ ಎರಡು ಮೂರು ವರ್ಷ ಕೆಲಸ ಮಾಡಿ ಹೆಸರು ಗಳಿಸು, ಆ ಹೆಸರಿನ ಮೇಲೆ ಸ್ವಂತ ಪುಸ್ತಕ ತಾ.

ಹೊಸ ಪಾತ್ರ ಬರುವುದು ಕಡಿಮೆಯಾದರೆ ದೊಡ್ಡ ಕಂಪನಿಗಳಿಗೆ ಹಳೆಯ ಜೋಡಿಗಳೇ ಗತಿ. ಅದೇ ಜೋಡಿಯಲ್ಲಿ ಹೊಸ ಸುದ್ದಿ ಹುಟ್ಟಿಸಬೇಕು. ಕೂಡಿಸಿ, ಬಿಡಿಸಿ, ಮತ್ತೆ ಕೂಡಿಸಿ. 2018ರಲ್ಲಿ ನಿಕ್ ಸ್ಪೆನ್ಸರ್ ಸ್ಪೈಡರ್‌ಮ್ಯಾನ್ ಬರೆಯಲು ಬಂದು ಪೀಟರ್ ಮತ್ತು ಮೇರಿ ಜೇನ್‌ರನ್ನು ಮತ್ತೆ ಒಂದು ಮಾಡಿದರು. 2021ರಲ್ಲಿ ಅವರು ಪುಸ್ತಕ ಬಿಟ್ಟರು. 2022ರಲ್ಲಿ ಹೊಸ ತಂಡ ಬಂದಾಗ ಮೇರಿ ಜೇನ್ ಇನ್ನೊಬ್ಬನ ಜೊತೆ, ಮಕ್ಕಳ ಜೊತೆ ಕಾಣಿಸಿಕೊಂಡಳು. ಓದುಗರು ಕೆರಳಿದರು. ಜೋಡಿ ಮುರಿದಾಗ ಓದುಗರ ನಂಬಿಕೆಯೂ ಸ್ವಲ್ಪ ಮುರಿಯುತ್ತದೆ. ಕಟ್ಟಿದ್ದು ನಿಲ್ಲುವು‌ದಿಲ್ಲ ಎಂದು ಗೊತ್ತಾದ ಬರಹಗಾರರಿಗೆ ಕಟ್ಟುವ ಮನಸ್ಸೇ ಬರುವುದಿಲ್ಲ. ಅವರು ಹೊರಗೆ ನೋಡುತ್ತಾರೆ. ಅದೇ 2021ರಲ್ಲಿ ಜೇಮ್ಸ್ ಟಿನಿಯನ್ ‘ಬ್ಯಾಟ್‌ಮ್ಯಾನ್’ ಪುಸ್ತಕವನ್ನೇ ಬಿಟ್ಟು ಸ್ವಂತ ಬರವಣಿಗೆಗೆ ಹೋದರು.

ಈಗ ಅಲ್ಟಿಮೇಟ್ ಸ್ಪೈಡರ್‌ಮ್ಯಾನ್ ಯಾಕೆ ಮುಗಿಯಬೇಕಾಯಿತು ಅನ್ನುವುದಕ್ಕೆ ಬರೋಣ. ಆ ಲೋಕದ ಗಡಿಯಾರ ನಿಜವಾದ ಗಡಿಯಾರ. ಒಂದು ತಿಂಗಳ ಸಂಚಿಕೆ ಅಂದರೆ ಕಥೆಯಲ್ಲೂ ಒಂದು ತಿಂಗಳು. ಎರಡು ವರ್ಷಕ್ಕೆ ಖಳನಾಯಕ ವಾಪಸ್ ಬರುತ್ತಾನೆ ಎಂದು ಕಥೆ ಮೊದಲೇ ಹೇಳಿತ್ತು. ಮಾರಾಟ ಬಿದ್ದು ನಿಲ್ಲಿಸಿದ್ದಲ್ಲ. ಅಲ್ಲಿ ಪೀಟರ್‌ಗೆ ಮದುವೆ, ಮಕ್ಕಳು ಸಿಕ್ಕಿದ್ದೇ ಆ ಲೋಕಕ್ಕೆ ಕೊನೆ ಇದ್ದುದರಿಂದ. ಮುಖ್ಯ ಸರಣಿಯ ಪೀಟರ್‌ಗೆ ಕೊನೆ ಇಲ್ಲ, ಸಂಸಾರವೂ ಇಲ್ಲ. ಮಾರ್ವೆಲ್ ಇದರಿಂದ ಕಲಿಯಬಹುದಾದದ್ದು ಬಹಳ ಇದೆ. ಮುಗಿಯುವ ಕಥೆಗಳನ್ನು ಹೆಚ್ಚು ಬರೆಸಲಿ, ಓದುಗರು ಬರುತ್ತಾರೆ. ಆದರೆ ಮುಖ್ಯ ಸರಣಿಯ ನಿಯಮ ಬದಲಾಗುವ ಸೂಚನೆ ಕಾಣುವುದಿಲ್ಲ. ಕಲಾವಿದರ ಒಪ್ಪಂದದ ಮೂಲ ಶರತ್ತು ಬದಲಾಗದ ಹೊರತು ಅವರು ಹೊರಡುವುದೂ ನಿಲ್ಲುವುದಿಲ್ಲ.

ಹೊರಗೆ ಹೋದವರ ಮನೆಯಲ್ಲಿ

ಹೊರಗೆ ಹೋದವರು ಪ್ರೀತಿಯನ್ನು ಹೇಗೆ ನಡೆಸಿಕೊಂಡರು? ಪ್ರೈಮ್ ವಿಡಿಯೋದಲ್ಲಿ ‘ಇನ್‌ವಿನ್ಸಿಬಲ್’ ನೋಡುವ ಕನ್ನಡಿಗರು ಬೇಕಾದಷ್ಟು ಇದ್ದಾರೆ. (ಮುಂದಿನದು ಗೊತ್ತಾಗಬಾರದು ಅನ್ನುವವರು ಈ ಪ್ಯಾರಾ ಬಿಡಿ.) ರಾಬರ್ಟ್ ಕಿರ್ಕ್‌ಮನ್, ಕೋರಿ ವಾಕರ್, ರಯಾನ್ ಆಟ್ಲಿ ಅದನ್ನು ಇಮೇಜ್‌ನಲ್ಲಿ 2003ರಿಂದ 2018ರವರೆಗೆ 144 ಸಂಚಿಕೆ ನಡೆಸಿದರು. ನಾಯಕಿ ಈವ್ ಮೊದಲು ತನ್ನದೇ ತಂಡದ ರೆಕ್ಸ್ ಜೊತೆ ಇದ್ದವಳು. ಆಮೇಲೆ ಕಥೆಯ ಹೀರೋ ಮಾರ್ಕ್‌ನನ್ನು ಪ್ರೀತಿಸುತ್ತಾಳೆ, ಮದುವೆಯಾಗುತ್ತಾಳೆ. ಮಗಳು ಹುಟ್ಟುತ್ತಾಳೆ. ಕಥೆ ಮುಗಿಯುತ್ತದೆ. ಅದೇ ಆಟ್ಲಿ ಅದನ್ನು ಮುಗಿಸಿ ಮಾರ್ವೆಲ್‌ಗೆ ಹೋಗಿ 2018ರ ಸ್ಪೈಡರ್‌ಮ್ಯಾನ್ ಬಿಡಿಸಿದರು. ದಾರಿ ಎರಡೂ ಕಡೆಗೆ ತೆರೆದಿದೆ.

ಎರಿಕ್ ಲಾರ್ಸನ್ ಇನ್ನೂ ಗಟ್ಟಿ. 1992ರ ಏಳು ಜನರಲ್ಲಿ ಅವರೂ ಒಬ್ಬರು. ಅಂದಿನಿಂದ ‘ಸ್ಯಾವೇಜ್ ಡ್ರ್ಯಾಗನ್’ ಪುಸ್ತಕವನ್ನು ತಾವೇ ಬರೆದು ತಾವೇ ಬಿಡಿಸುತ್ತಿದ್ದಾರೆ. ಮೊದಲ ಪುಟದ ಕೆಳಗಿನ ಸಣ್ಣ ಅಕ್ಷರದಲ್ಲಿ, ಹಕ್ಕುದಾರರ ಹೆಸರು ಬರುವ ಜಾಗದಲ್ಲಿ, ಕಂಪನಿಯ ಬದಲು ಅವರ ಹೆಸರೇ ಇರುತ್ತದೆ. ಅವರ ಲೋಕದಲ್ಲಿ ಎಲ್ಲರಿಗೂ ವರ್ಷಕ್ಕೊಂದು ವರ್ಷ ವಯಸ್ಸಾಗುತ್ತದೆ. ಹಸಿರು ಮೈಯ ಡ್ರ್ಯಾಗನ್ ಪೊಲೀಸ್ ಆದ, ಪ್ರೀತಿ ಮಾಡಿದ, ಮದುವೆಯಾದ, ತಂದೆಯಾದ, ಮುದುಕನಾದ. 2017ರಲ್ಲಿ, 225ನೇ ಸಂಚಿಕೆಯಲ್ಲಿ, ತೀರಿಕೊಂಡ. ಅವನನ್ನು ಎಬ್ಬಿಸಿ ತರಬೇಕು ಎಂದು ಯಾರೂ ಲಾರ್ಸನ್‌ಗೆ ಫೋನ್ ಮಾಡಲಿಲ್ಲ. ಪುಟ ಪುಟದಲ್ಲೇ ಹುಟ್ಟಿ ಬೆಳೆದ ಮಗ ಮಾಲ್ಕಮ್ ಈಗ ಆ ಪುಸ್ತಕದ ಹೀರೋ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ.